ಬ್ಯಾರನ್ನಿನ ದೀಪಕ್ಕೆ ಎಷ್ಟು ಬಿಸಿಲು ಬೇಕು



ಆಷಾಢದ ಒಂದು ರಾತ್ರಿ ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿಯೊಂದರಿಂದ ಫೋನ್ ಬಂತು. "ಅಣ್ಣಾ, ಹಳೇ 75 ವ್ಯಾಟಿನ ಸೋಲಾರ್ ಪ್ಲೇಟು ತೆಗೆದು 330 ವ್ಯಾಟಿಂದು ಹಾಕ್ಸಿದ್ದೀನಿ. ನಾಲ್ಕು ಪಟ್ಟು ದೊಡ್ಡದು. ಆದ್ರೂ ರಾತ್ರಿ ಹತ್ತು ಗಂಟೆಗೆಲ್ಲ ಬ್ಯಾರನ್ ಹತ್ರದ ದೀಪ ಆರೋಯ್ತದೆ. ಪ್ಲೇಟೇ ಡೂಪ್ಲಿಕೇಟ್ ಇರಬೇಕು, ಒಂದ್ಸಲ ಬಂದು ನೋಡಿ" ಅಂದರು ಆ ರೈತರು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರಿಗೆ ಆ ದೀಪದ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೊಗೆಸೊಪ್ಪು ಬೇಯಿಸುವ ಗೂಡಾದ ಬ್ಯಾರನ್ನಿಗೆ ಸೊಪ್ಪು ಏರಿದ ಮೇಲೆ ಐದಾರು ದಿನ ಹಗಲು ರಾತ್ರಿ ಕಾವಲು. ಸೊಪ್ಪು ಮೊದಲು ಹಳದಿ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ದಂಟು ಒಣಗಬೇಕು. ಒಂದೊಂದು ಹಂತಕ್ಕೂ ಒಂದೊಂದು ಕಾವು. ರಾತ್ರಿ ಎರಡು ಗಂಟೆಗೆ ಎದ್ದು ಥರ್ಮಾಮೀಟರ್ ನೋಡಿ, ಸೌದೆ ಒಟ್ಟುವುದೋ ಎಳೆಯುವುದೋ ತೀರ್ಮಾನಿಸಬೇಕು. ಆ ಹೊತ್ತಿನಲ್ಲಿ ಒಂದು ತಪ್ಪಾದರೆ ಮಾರುಕಟ್ಟೆಯಲ್ಲಿ ಸೊಪ್ಪಿನ ದರ್ಜೆಯೇ ಇಳಿಯುತ್ತದೆ. ಕರೆಂಟು ನಂಬುವ ಹಾಗಿಲ್ಲದ ತೋಟದ ಮೂಲೆಯಲ್ಲಿ ಒಂದು ಸೋಲಾರ್ ದೀಪ ಉರಿಯುತ್ತದೆಯೋ ಇಲ್ಲವೋ ಎಂಬುದು ಅಲ್ಲಿ ದುಡ್ಡಿನ ಪ್ರಶ್ನೆ.

ಮಾರನೆಯ ದಿನ ಹೋಗಿ ನೋಡಿದೆ. ಪ್ಲೇಟು ಅಸಲಿಯೇ. ಕಂಟ್ರೋಲರ್ ಕೆಟ್ಟಿರಲಿಲ್ಲ. ಬ್ಯಾಟರಿಯೂ ಕೊಂಡಾಗ ಒಳ್ಳೆಯದೇ ಇತ್ತು. ಒಂದೊಂದನ್ನೇ ನೋಡಿದರೆ ಯಾವುದರಲ್ಲೂ ದೋಷವಿಲ್ಲ. ಒಂದಕ್ಕೊಂದು ಹೊಂದದ ಮೂರನ್ನು ತಂದು ಒಂದೇ ತಂತಿಯಲ್ಲಿ ಕಟ್ಟಿದ್ದೇ ದೋಷ. ಇವತ್ತಿನ ಮಾತು ಅದರ ಬಗ್ಗೆಯೇ.

ಮೊದಲು ವೋಲ್ಟು ಮತ್ತು ಆಂಪಿಯರ್. ಕೆ.ಆರ್. ನಗರದ ಚುಂಚನಕಟ್ಟೆ ಜಲಪಾತವನ್ನು ನೆನೆಸಿಕೊಳ್ಳಿ. ಕಾವೇರಿ ಎಷ್ಟು ಎತ್ತರದಿಂದ ಧುಮುಕುತ್ತಾಳೆ ಎಂಬುದು ವೋಲ್ಟು. ಎಷ್ಟು ನೀರು ಬರುತ್ತಿದೆ ಎಂಬುದು ಆಂಪಿಯರ್. ಬೇಸಿಗೆಯಲ್ಲಿ ಎತ್ತರ ಅಷ್ಟೇ ಇರುತ್ತದೆ, ನೀರು ಇರುವುದಿಲ್ಲ. ಎತ್ತರವನ್ನೂ ನೀರನ್ನೂ ಗುಣಿಸಿದರೆ ಬರುವ ಬಲವೇ ವ್ಯಾಟು. ಪ್ಲೇಟು ಕೊಳ್ಳಲು ಹೋದವರು ಕೇಳುವುದು ವ್ಯಾಟನ್ನು ಮಾತ್ರ. ಎತ್ತರವೆಷ್ಟು, ನೀರೆಷ್ಟು ಎಂದು ಬಿಡಿಬಿಡಿಯಾಗಿ ಕೇಳುವವರು ಕಡಿಮೆ. ಎಡವುವುದು ಅಲ್ಲೇ.

ಹಳೆಯ ಮನೆದೀಪದ ಪ್ಲೇಟುಗಳನ್ನು 12 ವೋಲ್ಟಿನ ಬ್ಯಾಟರಿಗೆಂದೇ ಮಾಡುತ್ತಿದ್ದರು. ಅದರಲ್ಲಿ 36 ಬಿಲ್ಲೆಗಳು. ಬಿಸಿಲಿನಲ್ಲಿ ಕೆಲಸ ಮಾಡುವಾಗ 17–18 ವೋಲ್ಟು, ಏನನ್ನೂ ಜೋಡಿಸದೆ ಅಳೆದರೆ 21–22. ಅಷ್ಟು ಎತ್ತರದಿಂದ 13–14 ವೋಲ್ಟಿನ ಬ್ಯಾಟರಿಗೆ ಸರಾಗವಾಗಿ ಇಳಿಯುತ್ತದೆ. ಈಗ ಅಂಗಡಿಗಳಲ್ಲಿ ವ್ಯಾಟಿಗೆ ಅಗ್ಗವಾಗಿ ಸಿಗುವವು ದೊಡ್ಡ ಪ್ಲೇಟುಗಳು, 330 ವ್ಯಾಟು, 540 ವ್ಯಾಟು. ಇವು ಹುಟ್ಟಿದ್ದು ಬೇರೆ ಕೆಲಸಕ್ಕೆ. ಚಾವಣಿಯ ಮೇಲೆ ಸಾಲಾಗಿ ಜೋಡಿಸಿ ನೇರ ವಿದ್ಯುತ್ ಲೈನಿಗೆ ಕೂಡಿಸುವುದಕ್ಕೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಹಾಕುವುದು ಇಂಥವನ್ನೇ. ಅಲ್ಲಿ ಬ್ಯಾಟರಿ ಇರಲೇಬೇಕೆಂದಿಲ್ಲ, ಮಿಕ್ಕ ಕರೆಂಟು ಲೈನಿಗೆ ಹೋಗುತ್ತದೆ. (ಬ್ಯಾಟರಿ ಇಲ್ಲದ ಆ ವ್ಯವಸ್ಥೆ ಕರೆಂಟು ಹೋದಾಗ ತಾನೂ ನಿಂತುಬಿಡುತ್ತದೆ. ಕಂಬದ ಮೇಲೆ ರಿಪೇರಿ ಮಾಡುತ್ತಿರುವ ಲೈನ್‌ಮನ್ ಜೀವ ಉಳಿಯಲೆಂದೇ ಹಾಗೆ ಮಾಡಿದ್ದಾರೆ. "ಸೋಲಾರ್ ಇದ್ದೂ ಕತ್ತಲು" ಎಂದು ಬೇಸರಪಡುವವರು ಇದನ್ನು ತಿಳಿದಿರಬೇಕು.) ಇಂಥ 330ರ ಪ್ಲೇಟೊಂದು ಕೆಲಸ ಮಾಡುವುದು ಸುಮಾರು 37 ವೋಲ್ಟಿನಲ್ಲಿ, ಸುಮಾರು 8.8 ಆಂಪಿಯರ್ ಕೊಡುತ್ತಾ. ಏನೂ ಜೋಡಿಸದಿದ್ದರೆ 46 ವೋಲ್ಟು.

ಇನ್ನು ಕಂಟ್ರೋಲರ್. ಇದರಲ್ಲಿ ಎರಡು ಜಾತಿ. ಹಳೆಯ, ಅಗ್ಗದ ಜಾತಿ ಪಿಡಬ್ಲ್ಯುಎಂ. ಅದು ಕೆರೆಯ ತೂಬಿನ ಹಾಗೆ. ತೆರೆಯುತ್ತದೆ, ಮುಚ್ಚುತ್ತದೆ, ಅಷ್ಟೇ. ತೂಬು ತೆರೆದಾಗ ಪ್ಲೇಟಿನ ವೋಲ್ಟು ಬ್ಯಾಟರಿಯ ಮಟ್ಟಕ್ಕೆ ಇಳಿದುಬಿಡುತ್ತದೆ. ಇನ್ನೊಂದು ಎಂಪಿಪಿಟಿ. ಅದು ಎತ್ತರದ ನೀರಿನ ಬಲವನ್ನು ಹಾಳುಮಾಡದೆ, ಎತ್ತರ ತಗ್ಗಿಸಿ ಆಂಪಿಯರ್ ಹೆಚ್ಚಿಸಿ ಕೊಡುತ್ತದೆ.

ಲೆಕ್ಕದಲ್ಲಿ ನೋಡೋಣ. ಆ ರೈತರ ಮನೆಯಲ್ಲಿ ಇದ್ದದ್ದು ಹಳೆಯ 10 ಆಂಪಿಯರಿನ ಪಿಡಬ್ಲ್ಯುಎಂ ಪೆಟ್ಟಿಗೆ. ಪ್ಲೇಟು ಒಂದೊಂದು ಆಂಪಿಯರನ್ನೂ 37 ವೋಲ್ಟಿನ ಬೆಲೆಗೆ ತಂದಿಟ್ಟರೆ, ಪೆಟ್ಟಿಗೆ ಅದನ್ನು 13 ವೋಲ್ಟಿನ ಬೆಲೆಗೆ ಕೊಳ್ಳುತ್ತಿತ್ತು. 8.8 ಆಂಪಿಯರ್ ಗುಣಿಸು 13 ವೋಲ್ಟು, ಅಂದರೆ 114 ವ್ಯಾಟು. 330 ವ್ಯಾಟಿಗೆ ದುಡ್ಡು ಕೊಟ್ಟು ಕೈಗೆ ಸಿಕ್ಕಿದ್ದು 114. ಉಳಿದ ಇನ್ನೂರಕ್ಕೂ ಹೆಚ್ಚು ವ್ಯಾಟು ಬ್ಯಾಟರಿಯನ್ನು ಮುಟ್ಟಲೇ ಇಲ್ಲ. ಅವರ ಪೆಟ್ಟಿಗೆ 50 ವೋಲ್ಟಿನವರೆಗೆ ತಾಳುವಂಥದ್ದಾಗಿತ್ತು, ಅದೊಂದು ಅದೃಷ್ಟ. 25 ವೋಲ್ಟಿಗಿಂತ ಹೆಚ್ಚು ತಾಳದ ಪೆಟ್ಟಿಗೆಗಳೂ ಮಾರಾಟಕ್ಕಿವೆ. ಅವುಗಳಿಗೆ 46 ವೋಲ್ಟು ಕೊಟ್ಟರೆ ಮೊದಲ ಬಿಸಿಲಿಗೇ ಸುಟ್ಟುಹೋಗುತ್ತವೆ.

"ಹಂಗಾದ್ರೆ ಎಂಪಿಪಿಟಿ ಹಾಕ್ಸಿಬಿಡ್ತೀನಿ" ಅಂದರು. ತಡೆಯಿರಿ ಎಂದು ಬ್ಯಾಟರಿಯ ಮುಚ್ಚಳ ತೆಗೆಸಿದೆ. ನೀರು ಒಳಗಿನ ಸೀಸದ ಪ್ಲೇಟುಗಳಿಗಿಂತ ಕೆಳಗೆ ಇಳಿದಿತ್ತು. ಅದು 40 ಆಂಪಿಯರ್ ಅವರಿನ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಅಳತೆ) ಬ್ಯಾಟರಿ. ಸೀಸದ ಬ್ಯಾಟರಿಗೆ ಅದರ ಅಳತೆಯ ಹತ್ತನೇ ಒಂದು ಭಾಗ ಆಂಪಿಯರಿನಲ್ಲಿ ಚಾರ್ಜು ಕೊಡುವುದು ಹಿತ. 40ಕ್ಕೆ 4, ಹೆಚ್ಚೆಂದರೆ 6. ಚೈತ್ರ ವೈಶಾಖದ ಬಿಸಿಲಿನಲ್ಲಿ ಅದಕ್ಕೆ ಹೋಗುತ್ತಿದ್ದದ್ದು 8.8. ಅದೇ ಜಾಗದಲ್ಲಿ ಎಂಪಿಪಿಟಿ ಕೂಡಿಸಿದ್ದರೆ 330 ವ್ಯಾಟನ್ನು 13ರಿಂದ ಭಾಗಿಸಿ, ಸ್ವಲ್ಪ ನಷ್ಟ ಕಳೆದರೂ 24 ಆಂಪಿಯರ್ ನುಗ್ಗುತ್ತಿತ್ತು. ಒಂದು ತಪ್ಪನ್ನು ತಿದ್ದಲು ಹೋಗಿ ಬ್ಯಾಟರಿಯನ್ನು ಇನ್ನೂ ಬೇಗ ಕೊಲ್ಲುತ್ತಿದ್ದೆವು. ದಿನವೂ ರಾತ್ರಿ ತಳ ಕಾಣುವವರೆಗೆ ಬಳಸಿ, ಹಗಲು ಒತ್ತಿ ತುಂಬಿ, ಆ 40ರಲ್ಲಿ ಆಗಲೇ ಹನ್ನೆರಡೂ ಉಳಿದಿರಲಿಲ್ಲ. ರಾತ್ರಿ ಹತ್ತಕ್ಕೆ ದೀಪ ಆರುತ್ತಿದ್ದದ್ದು ಅದಕ್ಕೆ.

ಅಂಗಳದಲ್ಲೇ ಕೂತು ತಿರುಗಾ ಲೆಕ್ಕ ಹಾಕಿದೆವು. ಪ್ಲೇಟಿನಿಂದ ಶುರುಮಾಡಲಿಲ್ಲ, ದೀಪದಿಂದ ಶುರುಮಾಡಿದೆವು. ನಮ್ಮ ಕರ್ನಾಟಕದಲ್ಲೇ ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೊ ಸಂಸ್ಥೆಯನ್ನು ಜೊತೆಗೂಡಿ ಕಟ್ಟಿ ಬಡವರ ಮನೆಗಳಿಗೆ ಸೌರದೀಪ ಮುಟ್ಟಿಸುವ ಕೆಲಸಕ್ಕೆ ಇಳಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಕೆಲಸದಲ್ಲಿ ನನಗೆ ಹಿಡಿಸಿದ್ದು ಒಂದೇ ಸಂಗತಿ: ಮನೆಯವರಿಗೆ ಯಾವ ಹೊತ್ತಿನಲ್ಲಿ, ಯಾವ ಮೂಲೆಯಲ್ಲಿ ಬೆಳಕು ಬೇಕು ಎಂದು ಮೊದಲು ಕೇಳುವುದು, ಸಾಮಾನಿನ ಮಾತು ಆಮೇಲೆ.

ಆ ರೈತರ ಮನೆಯೊಳಗೆ 5 ವ್ಯಾಟಿನ 4 ಎಲ್‌ಇಡಿ ಬಲ್ಬು, ರಾತ್ರಿಗೆ 5 ಗಂಟೆ: 100. ಮೊಬೈಲ್ ಚಾರ್ಜಿಗೆ 20. ಬ್ಯಾರನ್ ಹತ್ತಿರ 7 ವ್ಯಾಟಿನ 2 ಬಲ್ಬು, ಇಡೀ ರಾತ್ರಿ 12 ಗಂಟೆ: 168. ಒಟ್ಟು 288. ಮುನ್ನೂರು ವ್ಯಾಟ್ ಅವರ್ ಅನ್ನಿ. 12 ವೋಲ್ಟಿನಿಂದ ಭಾಗಿಸಿದರೆ ರಾತ್ರಿಗೆ 25 ಆಂಪಿಯರ್ ಅವರ್. ನೋಡಿ, ಬ್ಯಾರನ್ನಿನ ಎರಡೇ ಬಲ್ಬು ಇಡೀ ಮನೆಗಿಂತ ಹೆಚ್ಚು ತಿನ್ನುತ್ತವೆ. ವ್ಯಾಟು ಸಣ್ಣದು, ಹೊತ್ತು ಉದ್ದ. ಜನ ಮರೆಯುವುದು ಈ ಹೊತ್ತಿನ ಲೆಕ್ಕವನ್ನೇ.

ಎರಡು ದಿನ ಸೂರ್ಯ ಮುಖ ತೋರಿಸದಿದ್ದರೂ ನಡೆಯಬೇಕೆಂದರೆ 50 ಆಂಪಿಯರ್ ಅವರ್ ಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಆದ್ದರಿಂದ 100 ಆಂಪಿಯರ್ ಅವರಿನ ಟ್ಯೂಬ್ಯುಲರ್ ಬ್ಯಾಟರಿ. ಕೊಳ್ಳುವಾಗ ಅದರ ಮೇಲೆ ಸಿ10 ಎಂದಿದೆಯೋ ಸಿ20 ಎಂದಿದೆಯೋ ನೋಡಿ. ಸಿ10 ಅಂದರೆ 10 ಗಂಟೆಯಲ್ಲಿ, ಸಿ20 ಅಂದರೆ 20 ಗಂಟೆಯಲ್ಲಿ ಬರಿದುಮಾಡಿ ಅಳೆದದ್ದು. ಸೋಲಾರಿಗೆಂದು ಮಾಡಿದ್ದಕ್ಕೆ ಸಿ10 ಅಂತ ಬರೆದಿರುತ್ತಾರೆ. ಅಳತೆ ಎರಡರಲ್ಲೂ 100 ಎಂದೇ ಇದ್ದರೂ ಸಿ10ರ ಬ್ಯಾಟರಿಯಲ್ಲಿ ಇರುವ ಸತ್ತ್ವ ಹೆಚ್ಚು.

ಈಗ ಬಿಸಿಲು. ಇಡೀ ಲೆಕ್ಕ ನಿಂತಿರುವುದು ಇದರ ಮೇಲೆ. ಅಂಗಡಿಯವರು ದಿನಕ್ಕೆ ಐದು ಗಂಟೆ ಪೂರ್ತಿ ಬಿಸಿಲು ಎಂದು ಹಿಡಿಯುತ್ತಾರೆ. ವರ್ಷದ ಸರಾಸರಿಗೆ ಅದು ಸರಿಯಾದ ಲೆಕ್ಕವೇ. ಮಾರ್ಚಿನಲ್ಲಿ ಆರರ ಹತ್ತಿರವೂ ಹೋಗುತ್ತದೆ. ಆದರೆ ನಮ್ಮ ಸೊಪ್ಪು ಮಾರ್ಚಿನಲ್ಲಿ ಬೇಯುವುದಿಲ್ಲವಲ್ಲ! ಮೇ, ಜೂನ್ ಮಳೆಗೆ ಸಸಿ ನೆಟ್ಟು, ಜುಲೈ, ಆಗಸ್ಟ್, ಸೆಪ್ಟೆಂಬರಿನಲ್ಲಿ ಸೊಪ್ಪು ಮುರಿದು ಬ್ಯಾರನ್ನಿಗೆ ಏರಿಸುತ್ತೇವೆ. ದೀಪ ಅತಿ ಹೆಚ್ಚು ಬೇಕಾದ ತಿಂಗಳೇ ಸೂರ್ಯ ಅತಿ ಕಡಿಮೆ ಕಾಣುವ ತಿಂಗಳು. ಬೇರೆ ಜಿಲ್ಲೆಗಳಲ್ಲಿ ನಡೆಯುವ ಲೆಕ್ಕ ನಮ್ಮ ತಾಲ್ಲೂಕುಗಳಲ್ಲಿ ಕೈಕೊಡುವುದು ಇದಕ್ಕೇ. ಮಳೆಗಾಲಕ್ಕೆ ನಾನು ಹಿಡಿಯುವುದು ಮೂರೇ ಗಂಟೆ. ಕೆ.ಆರ್. ನಗರದ ಬಯಲಿನವರು ಮೂರೂವರೆ ಹಿಡಿದರೂ ನಡೆದೀತು. ವಯನಾಡಿನ ಗಡಿಗೆ ತಾಗಿದ ಎಚ್.ಡಿ. ಕೋಟೆಯ ಕಾಡಂಚಿನವರು ಮೂರಕ್ಕಿಂತ ಮೇಲೆ ಹೋಗಬೇಡಿ.

25 ಆಂಪಿಯರ್ ಅವರ್ ತೆಗೆಯಬೇಕಾದರೆ ಸೋರಿಕೆ ಸೇರಿ 30 ತುಂಬಬೇಕು. 30ನ್ನು 3 ಗಂಟೆಯಿಂದ ಭಾಗಿಸಿದರೆ 10 ಆಂಪಿಯರ್. 12 ವೋಲ್ಟಿನ 100 ವ್ಯಾಟು ಪ್ಲೇಟು ಒಂದು ಸುಮಾರು ಐದೂವರೆ ಆಂಪಿಯರ್ ಕೊಡುತ್ತದೆ. ಎರಡನ್ನು ಪ್ಯಾರಲಲ್ ಕೂಡಿಸಿದರೆ, ಅಂದರೆ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಕಟ್ಟಿದರೆ, 11. ನೂರರ ಬ್ಯಾಟರಿಗೆ ಹತ್ತನೇ ಒಂದು ಭಾಗ ಅಂದರೆ 10 ಎಂದೆನಲ್ಲ, ಅದಕ್ಕೂ ಇದಕ್ಕೂ ತಾಳೆ ಬಿತ್ತು. ಕಂಟ್ರೋಲರಿಗೆ ಪ್ಲೇಟುಗಳ ಗರಿಷ್ಠ ಆಂಪಿಯರಿನ ಮೇಲೆ ಕಾಲು ಭಾಗ ಸೇರಿಸಬೇಕು. ಎರಡೂ ಪ್ಲೇಟಿನ ಗರಿಷ್ಠ ಸೇರಿ ಸುಮಾರು 12, ಅದಕ್ಕೆ 3 ಸೇರಿಸಿದರೆ 15. ಅಂಚಿನಲ್ಲಿ ನಿಲ್ಲುವುದು ಬೇಡವೆಂದು 20 ಆಂಪಿಯರಿನದು ತಂದೆವು. ಪ್ಲೇಟು 12 ವೋಲ್ಟಿನವೇ ಆದ್ದರಿಂದ ಅಗ್ಗದ ಪಿಡಬ್ಲ್ಯುಎಂ ಸಾಕಾಯಿತು. ಎರಡು ದಿನ ಮೋಡ ಮುಚ್ಚಿ ಮೂರನೆಯ ದಿನದಿಂದ ಚೆನ್ನಾಗಿ ಬಿಸಿಲು ಬಂದರೆ 11 ಗುಣಿಸು 5, ದಿನಕ್ಕೆ 55 ಬರುತ್ತದೆ. ಆ ದಿನದ ಖರ್ಚಿಗೆ 30 ಹೋದರೂ 25 ಉಳಿಯುತ್ತದೆ, ಎರಡೇ ದಿನದಲ್ಲಿ ಬ್ಯಾಟರಿ ಬಹುಮಟ್ಟಿಗೆ ತಿರುಗಾ ಮೇಲಕ್ಕೆ ಬರುತ್ತದೆ.

ಹಾಗಾದರೆ ಆ 330ರ ಪ್ಲೇಟು? ಅದೇ ಊರಿನಲ್ಲಿ ಅವರ ತಮ್ಮನ ಮನೆಯಲ್ಲಿ 150 ಆಂಪಿಯರ್ ಅವರಿನ ಬ್ಯಾಟರಿ ಇತ್ತು. ಅಲ್ಲಿಗೆ 20 ಆಂಪಿಯರಿಗೆ ಮಿತಿ ಇರುವ ಎಂಪಿಪಿಟಿ ಜೊತೆ ಕೊಟ್ಟೆವು. ನೂರೈವತ್ತಕ್ಕೆ 20 ಹೊರೆಯಾಗುವುದಿಲ್ಲ, ಮಿತಿಗಿಂತ ಹೆಚ್ಚು ಬಂದದ್ದನ್ನು ಎಂಪಿಪಿಟಿ ತಾನೇ ತಡೆದುಕೊಳ್ಳುತ್ತದೆ. ತಪ್ಪು ಮನೆಗೆ ಬಂದಿದ್ದ ಒಳ್ಳೆಯ ಸಾಮಾನು ಅದು.

ಇಂಥ ದೊಡ್ಡ ಪ್ಲೇಟುಗಳನ್ನು ಎರಡೆರಡು ಸರಣಿಯಲ್ಲಿ ಕಟ್ಟುವವರು ಚಳಿಗಾಲದ ಬೆಳಗನ್ನು ಮರೆಯಬೇಡಿ. ಬಿಸಿಯಾದರೆ ಪ್ಲೇಟಿನ ವೋಲ್ಟು ತಗ್ಗುತ್ತದೆ, ತಂಪಾದರೆ ಏರುತ್ತದೆ. ಅದರ ಬೆನ್ನ ಮೇಲೆ ಬರೆದಿರುವುದು 25 ಡಿಗ್ರಿ ಸೆಲ್ಸಿಯಸ್ಸಿನ ಲೆಕ್ಕ. 46 ಮತ್ತು 46 ಕೂಡಿದರೆ 92. ಪುಷ್ಯ ಮಾಸದ ಚಳಿಯ ಮುಂಜಾವಿನಲ್ಲಿ ಪ್ಲೇಟು 12–13 ಡಿಗ್ರಿಗೆ ಇಳಿದಿದ್ದರೆ ಅದು 95–96ಕ್ಕೆ ಹೋಗುತ್ತದೆ. 100 ವೋಲ್ಟಿನ ಎಂಪಿಪಿಟಿ ಇದ್ದರೆ ಅಂಚಿನಲ್ಲೇ ನಡೆದಂತೆ. ಪ್ಲೇಟು 49 ವೋಲ್ಟಿನದಾದರೆ ಪೆಟ್ಟಿಗೆ ಹೋಯಿತೆಂದೇ ತಿಳಿಯಿರಿ. ಆಂಪಿಯರ್ ಹೆಚ್ಚಾದರೆ ಕೆಲವು ಪೆಟ್ಟಿಗೆಗಳು ತಾಳಿಕೊಳ್ಳುತ್ತವೆ. ವೋಲ್ಟು ಮಿತಿ ಮೀರಿದರೆ ಯಾವ ಪೆಟ್ಟಿಗೆಯೂ ಉಳಿಯುವುದಿಲ್ಲ.

ತಂತಿಯ ವಿಷಯದಲ್ಲಿ ಜಿಪುಣತನ ಮಾಡುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಹತ್ತು ಮೀಟರ್ ದೂರದ ಚಾವಣಿಯಿಂದ ಒಂದೂವರೆ ಎಂಎಂ ತಾಮ್ರದ ತಂತಿಯಲ್ಲಿ 11 ಆಂಪಿಯರ್ ತಂದರೆ, ಹೋಗಿಬರುವ 20 ಮೀಟರಿನಲ್ಲಿ ಎರಡೂವರೆ ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ. ಬಿಸಿಲಿಗೆ ಕಾದ 12 ವೋಲ್ಟಿನ ಪ್ಲೇಟು 16ರ ಹತ್ತಿರ ಇದ್ದರೆ, ಬ್ಯಾಟರಿ ಮುಟ್ಟುವಾಗ ಹದಿಮೂರೂವರೆ. ಬ್ಯಾಟರಿ ತುಂಬಲು ಬೇಕಾದದ್ದು 14.4. ಅದು ಪೂರ್ತಿ ತುಂಬುವುದು ಕಷ್ಟ, ಮತ್ತೆ ಬೈಗುಳ ಪ್ಲೇಟಿಗೆ. 6 ಎಂಎಂ ತಂತಿಯಾದರೆ ನಷ್ಟ ಮುಕ್ಕಾಲು ವೋಲ್ಟಿನ ಒಳಗೆ ನಿಲ್ಲುತ್ತದೆ.

ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಕಾಣುವ ತೊಂದರೆಯೇ ಬೇರೆ. ಜೇನುಕುರುಬರ ಮನೆಗಳಿಗೆ ಬರುವ ಚಿಕ್ಕ ದೀಪದ ಸೆಟ್ಟುಗಳಲ್ಲಿ ಪ್ಲೇಟು, ಕಂಟ್ರೋಲರ್, ಬ್ಯಾಟರಿ ಮೂರೂ ಹೊಂದಿಕೊಂಡೇ ಬರುತ್ತವೆ. ಕೆಲವು ವರ್ಷ ಚೆನ್ನಾಗಿ ಉರಿಯುತ್ತವೆ. ಬ್ಯಾಟರಿ ಸತ್ತಾಗ ಕಷ್ಟ ಶುರು. ಕೈಗೆ ಸಿಕ್ಕಿದ ಹಳೆಯ ಟ್ರ್ಯಾಕ್ಟರ್ ಬ್ಯಾಟರಿಯನ್ನು ಯಾರೋ ತಂದು ಕಟ್ಟಿಕೊಡುತ್ತಾರೆ. ಟ್ರ್ಯಾಕ್ಟರ್ ಬ್ಯಾಟರಿ ಎಂಜಿನ್ ಎಬ್ಬಿಸಲು ಎರಡು ಕ್ಷಣ ಜೋರಾಗಿ ಕೊಡುವಂಥದ್ದು. ರಾತ್ರಿಯಿಡೀ ನಿಧಾನವಾಗಿ ಕೊಟ್ಟು ಬರಿದಾಗುವುದನ್ನು ಅದರ ತೆಳುವಾದ ಪ್ಲೇಟುಗಳು ತಾಳುವುದಿಲ್ಲ. ಆರು ತಿಂಗಳಿಗೆ ಮನೆ ಮತ್ತೆ ಕತ್ತಲು. ಹೊಸ ಸೆಟ್ಟುಗಳಲ್ಲಿ ಲಿಥಿಯಂ ಬ್ಯಾಟರಿ ಬರುತ್ತಿದೆ. ಅದರ ಜಾಗಕ್ಕೆ ಸೀಸದ್ದನ್ನಾಗಲಿ, ಸೀಸದ ಜಾಗಕ್ಕೆ ಲಿಥಿಯಮ್ಮನ್ನಾಗಲಿ ಕಂಟ್ರೋಲರಿನ ಸೆಟ್ಟಿಂಗ್ ನೋಡದೆ ಹಾಕಬೇಡಿ. ಸೀಸಕ್ಕೆಂದು ಆಗಾಗ 15 ವೋಲ್ಟಿನವರೆಗೆ ಏರಿಸುವ ಕಂಟ್ರೋಲರ್ ಲಿಥಿಯಮ್ಮಿಗೆ ಆಗಿಬರುವುದಿಲ್ಲ. ಹಾಡಿಗೆ ಸೆಟ್ಟು ಕೊಡುವ ಯಾರೇ ಆಗಲಿ, ಮುಂದೆ ಬೇಕಾಗುವ ಬ್ಯಾಟರಿಯ ಅಳತೆಯನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಕೊಡಬೇಕೆಂದು ಕೈಮುಗಿದು ಕೇಳುತ್ತೇನೆ.

ನಾಗರಹೊಳೆ ಅಂಚಿನ ಹೊಲಗಳ ಸೋಲಾರ್ ಬೇಲಿಗೂ ಇದೇ ಲೆಕ್ಕ. ಬೇಲಿಯ ಯಂತ್ರ ಸೆಕೆಂಡಿಗೆ ಸುಮಾರು ಒಂದರಂತೆ ಸಾವಿರಾರು ವೋಲ್ಟಿನ ಕ್ಷಣಮಾತ್ರದ ಏಟು ಕೊಡುತ್ತದೆ. ಏಟು ನೋಯಿಸುತ್ತದೆ, ಕೊಲ್ಲುವುದಿಲ್ಲ. ಅದು ಅರ್ಧ ಆಂಪಿಯರ್ ಎಳೆಯುವುದಾದರೆ ದಿನಕ್ಕೆ 12 ಆಂಪಿಯರ್ ಅವರ್. 50 ವ್ಯಾಟಿನ ಪ್ಲೇಟು ಬೇಸಿಗೆಯಲ್ಲಿ 15ರಷ್ಟು ತುಂಬುತ್ತದೆ, ಎಲ್ಲ ಸರಿಯಿದೆ ಅನಿಸುತ್ತದೆ. ಮಳೆಗಾಲದಲ್ಲಿ ಅದೇ ಪ್ಲೇಟು ತುಂಬುವುದು ಎಂಟು, ಎಂಟೂವರೆ. ಮುಸುಕಿನ ಜೋಳ ಹಾಲುಗಟ್ಟುವ ಹೊತ್ತಿಗೆ ಬ್ಯಾಟರಿ ಬರಿದು, ಬೇಲಿ ಬರೀ ತಂತಿ. ಆನೆಗೆ ಅದು ಬೇಗ ಗೊತ್ತಾಗುತ್ತದೆ. ಅಲ್ಲಿಗೆ 100 ವ್ಯಾಟು ಹಾಕಿ, ತಂತಿಗೆ ತಾಗುವ ಹುಲ್ಲು ಬಳ್ಳಿ ಸವರಿ. ಬ್ಯಾಟರಿ ಸತ್ತಿತೆಂದು ಬೇಲಿಗೆ ನೇರ ಮನೆಯ ಕರೆಂಟು ಕೊಡುವ ಕೆಲಸವನ್ನು ಮಾತ್ರ ಯಾರೂ ಮಾಡಬೇಡಿ. ಅದು ಅಪರಾಧ. ಬೆಳಗಾಗೆದ್ದು ನೋಡಿದರೆ ಅಲ್ಲಿ ಬಿದ್ದಿರುವುದು ಆನೆಯಾಗಿರಬಹುದು, ಪಕ್ಕದ ಹೊಲದ ಹುಡುಗನೂ ಆಗಿರಬಹುದು.

ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಲೇಟು. ಬಿಚ್ಚುವಾಗ ಮೊದಲು ಪ್ಲೇಟು. ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್. ಪ್ಲೇಟು ದಕ್ಷಿಣಕ್ಕೆ ಮುಖಮಾಡಿ ಹದಿನೈದು ಡಿಗ್ರಿಯಷ್ಟು ಓರೆಯಾಗಿರಲಿ, ಮಳೆ ನೀರೇ ಧೂಳು ತೊಳೆಯುತ್ತದೆ. ತೆಂಗಿನ ಒಂದೇ ಒಂದು ಗರಿಯ ನೆರಳು ಅಡ್ಡ ಬಿದ್ದರೂ ಇಡೀ ಪ್ಲೇಟು ಸೊರಗುತ್ತದೆ. ಬೆಳಗ್ಗೆ ಬಿಸಿಲು ಬೀಳುವ ಮುಂಚೆ, ದೀಪವೆಲ್ಲ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಮೀಟರ್ ಹಿಡಿಯಿರಿ. ಸೀಸದ ಬ್ಯಾಟರಿ 12.7 ತೋರಿಸಿದರೆ ತುಂಬಿದೆ, 12.2 ಆದರೆ ಅರ್ಧ, 11.8ಕ್ಕೆ ಬಂದರೆ ಬರಿದು.

ಆಗಸ್ಟಿನಲ್ಲಿ ಇನ್ನೊಂದು ಕೆಲಸಕ್ಕೆ ಅದೇ ಕಡೆ ಹೋದವನು ಅವರ ಮನೆಯಲ್ಲೇ ಉಳಿದೆ. ಮೂರು ದಿನದಿಂದ ಜಡಿಮಳೆ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗಿ ಹೊರಗೆ ಬಂದರೆ ಬ್ಯಾರನ್ನಿನ ಮುಂದೆ ಎರಡೂ ಬಲ್ಬು ಉರಿಯುತ್ತಿದ್ದವು. ಅವರು ಕಂಬಳಿ ಹೊದ್ದು ಥರ್ಮಾಮೀಟರ್ ನೋಡುತ್ತಿದ್ದರು, ಕೈಯಲ್ಲಿ ಬ್ಯಾಟರಿ ಲೈಟು ಇರಲಿಲ್ಲ. "ಇನ್ನೆರಡು ಡಿಗ್ರಿ ಏರ್ಬೇಕು ಅಣ್ಣಾ" ಎಂದು ಒಲೆಯ ಬಾಯಿಗೆ ಒಂದು ಸೌದೆ ತಳ್ಳಿದರು. ಆರು ಗಂಟೆಗೆ ದೀಪ ಆರಿಸಿ, ಕಾಫಿ ಕುಡಿದು ಆದಮೇಲೆ ಮೀಟರ್ ಹಿಡಿದೆವು. 12.3 ಇತ್ತು.